‘ಮತ್ತು ಸಂಗಡಿಗರು’ ಅಂದ್ರೆ ಯಾರು?

ಇಂಟರ್ನೆಟ್ಟಿನಲ್ಲಿ ಒಂದು ಜಾತಿಯ ಪಟ್ಟಿ ಸದಾ ಓಡಾಡ್ತಾ ಇರುತ್ತೆ, ನೀವೂ ನೋಡಿರ್ತೀರಿ. ‘ಜಗತ್ತಿನ ಹತ್ತು ಮಹಾನ್ ಗಿಟಾರ್ ವಾದಕರು’ ಅಂತ ಒಂದು. ಅದಕ್ಕೆ ಎದುರಾಗಿ ‘ಸಿಗಬೇಕಾದ ಮನ್ನಣೆ ಸಿಗದ ಹತ್ತು ಗಿಟಾರ್ ವಾದಕರು’ ಅಂತ ಇನ್ನೊಂದು. ಮೊದಲನೆಯದರಲ್ಲಿ ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್ ಇದ್ದೇ ಇರ್ತಾರೆ. ಎರಡನೆಯದರ ಕೆಳಗೆ ‘ಅವರನ್ನ ಬಿಟ್ರಿ, ಇವರನ್ನ ಬಿಟ್ರಿ’ ಅಂತ ಜಗಳ. ಈ ಜಗಳ ಓದೋದಂದ್ರೆ ನನಗೆ ಖುಷಿ. ಜೊತೆಗೆ ಸಣ್ಣ ಹೊಟ್ಟೆಕಿಚ್ಚೂ ಆಗುತ್ತೆ. ಯಾಕಂದ್ರೆ ಜಗಳ ಆಡೋಕೆ ಮೊದಲು ಹೆಸರು ಗೊತ್ತಿರಬೇಕಲ್ಲ ಮಾರಾಯ್ರೆ! ಕನ್ನಡ ಹಾಡುಗಳಿಗೆ ಗಿಟಾರು ನುಡಿಸಿದ ಐದು ಜನರ ಹೆಸರು ಹೇಳಿ ನೋಡೋಣ. ಐದು ಬೇಡ, ಎರಡು ಹೇಳಿ ಸಾಕು....

ಅಲ್ಲೇ ಇರೋದು ನನ್ನ ತಕರಾರು. ನಮ್ಮಲ್ಲಿ ಗಿಟಾರಿನವರಿಗೆ ಮನ್ನಣೆ ಕಡಿಮೆ ಅನ್ನೋದು ಎರಡನೇ ಮಾತು. ಮನ್ನಣೆ ಕೊಡಬೇಕು ಅಂದ್ರೂ ಯಾರಿಗೆ ಅಂತ ಗೊತ್ತಿಲ್ಲ ಅನ್ನೋದು ಮೊದಲನೇ ಮಾತು.

ನಮ್ಮೂರು ಗುಡವಿ. ಸೊರಬ ತಾಲೂಕಿನ ಪಕ್ಷಿಧಾಮ ಅಂದ್ರೆ ಹೆಚ್ಚಿನವರಿಗೆ ಗೊತ್ತಾಗುತ್ತೆ. ನಮ್ಮ ಕಡೆಯವರಿಗೆ ಸಿನಿಮಾ ಹಾಡು ಅಂದ್ರೆ ರೇಡಿಯೋ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಒಂದು ಕಡೆ, ಧಾರವಾಡ ಇನ್ನೊಂದು ಕಡೆ. ಕೋರಿಕೆ ಕಾರ್ಯಕ್ರಮದ ಶೈಲಿ ನೆನಪಿದೆಯಲ್ಲ? ಚಿತ್ರದ ಹೆಸರು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು. ಆಮೇಲೆ ಕೋರಿದವರು: ಸೊರಬದಿಂದ ಇಂಥವರು, ಆನವಟ್ಟಿಯಿಂದ ಇಂಥವರು, ಶಿರಾಳಕೊಪ್ಪದಿಂದ ಇಂಥವರು ಮತ್ತು ಗೆಳೆಯರು, ಶಿಕಾರಿಪುರದಿಂದ ಇಂಥವರು ಮತ್ತು ಮನೆಯವರೆಲ್ಲರೂ. ಒಂದೇ ಉಸಿರಿಗೆ ಹದಿನೈದು ಇಪ್ಪತ್ತು ಹೆಸರು. ಹಾಡು ಕೇಳಬೇಕು ಅಂತ ಕಾರ್ಡು ಗೀಚಿದವರ ಹೆಸರು ಇಡೀ ಜಿಲ್ಲೆಗೆ ಗೊತ್ತಾಗ್ತಿತ್ತು. ಆ ಹಾಡು ಶುರುವಾಗೋದೇ ಯಾವ ಗಿಟಾರಿನ ತುಣುಕಿನಿಂದಲೋ, ಅದನ್ನ ನುಡಿಸಿದವರ ಹೆಸರು ಮಾತ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ರೇಡಿಯೋದವರದ್ದು ತಪ್ಪು ಅಂತಲ್ಲ. ಅವರ ಕೈಗೆ ಬರ್ತಿದ್ದ ತಟ್ಟೆಯ ಮೇಲೇ ಅದು ಇರ್ತಿರಲಿಲ್ಲ.

ಹಂಗಂತ ಗಿಟಾರು ನಮ್ಮ ಹಾಡಿನಲ್ಲಿ ಮೂಲೆಯಲ್ಲಿ ಕೂತ ವಾದ್ಯವೇನಲ್ಲ. ಜಿ.ಕೆ. ವೆಂಕಟೇಶ್ ಸಂಗೀತದ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968) ನೆನಪಿಸಿಕೊಳ್ಳಿ. ರಾಜ್‌ಕುಮಾರ್ ಬಾಂಡ್ ಆದ ಚಿತ್ರಗಳು. ಆ ಪತ್ತೇದಾರಿ ಗತ್ತಿಗೆ ಎಲೆಕ್ಟ್ರಿಕ್ ಗಿಟಾರು ಬೇಕೇ ಬೇಕು. ರಾಜನ್-ನಾಗೇಂದ್ರ ಅವರ ‘ಎರಡು ಕನಸು’ (1974), ‘ಬಯಲುದಾರಿ’ (1976) ತರಹದ ಚಿತ್ರಗಳ ಮೆಲೋಡಿ ಕೇಳುವಾಗ ಒಮ್ಮೆ ಗಾಯಕರನ್ನ ಬಿಟ್ಟು ಹಿಂದಿನದ್ದಕ್ಕೆ ಕಿವಿ ಕೊಡಿ. ತಬಲಾದ ಪಕ್ಕದಲ್ಲೇ ಮೆಲ್ಲಗೆ ಮೀಟುವ ತಂತಿ, ಕೆಳಗೆ ನಡೆಯುವ ಬೇಸ್. ಹಾಡನ್ನ ಬೀಳದಂತೆ ಹಿಡಿದುಕೊಂಡಿರೋದು ಅದೇ.

ಆ ಕಾಲದಲ್ಲಿ ಕನ್ನಡ ಹಾಡುಗಳೆಲ್ಲ ಹೆಚ್ಚಾಗಿ ಮದ್ರಾಸಿನಲ್ಲೇ ಧ್ವನಿಮುದ್ರಣ ಆಗ್ತಿದ್ವು. ಬೆಳಿಗ್ಗೆ ಕನ್ನಡಕ್ಕೆ ನುಡಿಸಿದವರೇ ಮಧ್ಯಾಹ್ನ ತೆಲುಗಿಗೋ ತಮಿಳಿಗೋ ನುಡಿಸ್ತಿದ್ರು. ಜಿ.ಕೆ. ವೆಂಕಟೇಶ್ ಅವರ ಬಳಿ ಎಪ್ಪತ್ತರ ದಶಕದಲ್ಲಿ ಒಬ್ಬ ಹುಡುಗ ಗಿಟಾರು ನುಡಿಸ್ತಾ, ಸಹಾಯಕನಾಗಿ ಸ್ವರ ಬರೆದುಕೊಡ್ತಾ ಇದ್ದ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಕಟ್ಟಿ ಕ್ಲಾಸಿಕಲ್ ಗಿಟಾರಿನಲ್ಲಿ ಚಿನ್ನದ ಪದಕ ಪಡೆದವನು. 1976ರಲ್ಲಿ ‘ಅನ್ನಕ್ಕಿಳಿ’ ಅನ್ನೋ ತಮಿಳು ಚಿತ್ರಕ್ಕೆ ಸಂಗೀತ ಕೊಟ್ಟ ಮೇಲೆ ಆತ ಇಳಯರಾಜ ಅಂತ ಎಲ್ಲರಿಗೂ ಗೊತ್ತಾದ. ಈಗ ನನ್ನ ಪ್ರಶ್ನೆ: ಅವರು ಸಂಗೀತ ನಿರ್ದೇಶಕರು ಆಗದೇ ಗಿಟಾರಿನವರಾಗಿಯೇ ಉಳಿದುಬಿಟ್ಟಿದ್ರೆ? ನಮ್ಮ ಎಷ್ಟೋ ಹಾಡುಗಳಿಗೆ ತಂತಿ ಮೀಟಿದ ಆ ಮನುಷ್ಯ ‘ಮತ್ತು ಸಂಗಡಿಗರು’ ಅನ್ನೋ ಎರಡು ಪದದ ಒಳಗೆ ಕರಗಿ ಹೋಗ್ತಿದ್ರು. ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರಿಗೆ ಆಗಿದ್ದು ಅದೇ.

ಇಳಯರಾಜ ಅವರದ್ದೇ ‘ಪಲ್ಲವಿ ಅನುಪಲ್ಲವಿ’ (1983) ತಗೊಳ್ಳಿ. ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ್ದು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಅದರ ರಾಗವನ್ನೇ ಎಷ್ಟೋ ವರ್ಷದ ಮೇಲೆ ಒಂದು ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿ ಇಡೀ ದೇಶದ ಬಾಯಲ್ಲಿ ಗುನುಗುವಂತೆ ಮಾಡಿತು. ಇಳಯರಾಜ ಅವರ ವಾದ್ಯಗೋಷ್ಠಿಯಲ್ಲಿ ವರ್ಷಾನುಗಟ್ಟಲೆ ಗಿಟಾರು ನುಡಿಸಿದವರು ಸದಾನಂದಂ, ಚಂದ್ರಶೇಖರ್. ಬೇಸ್ ಗಿಟಾರು ಶಶಿಧರನ್. ಈ ಮೂರು ಹೆಸರನ್ನ ಅವರ ತಮಿಳು ಅಭಿಮಾನಿಗಳು ಕೂತು ಹುಡುಕಿ, ಹಳಬರನ್ನ ಮಾತಾಡಿಸಿ, ಎಲ್ಲ ಕಡೆ ಬರೆದು ಉಳಿಸಿಕೊಂಡಿದ್ದಾರೆ. ನಾವು ಅದೇ ಜನ ನುಡಿಸಿದ್ದನ್ನ ಕೇಳ್ತಾ ಬೆಳೆದವರು. ಶಂಕರ್‌ನಾಗ್ ತೆರೆಯ ಮೇಲೆ ಗಿಟಾರು ಹಿಡಿದ ‘ಗೀತಾ’ (1981) ನೋಡಿ ನಮ್ಮ ಕಡೆ ಎಷ್ಟು ಹುಡುಗರು ಗಿಟಾರು ಕೊಳ್ಳೋ ಕನಸು ಕಂಡ್ರೋ! ಹಿಡಿದವರು ಗೊತ್ತು, ನುಡಿಸಿದವರನ್ನ ಕೇಳಲಿಲ್ಲ.

ಮುಂಬೈ ಕಥೆಯೂ ಬೇರೆ ಏನಲ್ಲ. ‘ಕರ್ಜ್’ (1980) ಚಿತ್ರದ ಆ ಗಿಟಾರ್ ತುಣುಕು ಗೊತ್ತಿಲ್ಲದವರು ಕಡಿಮೆ. ನುಡಿಸಿದವರು ಗೋರಖ್ ಶರ್ಮಾ, ಸಂಗೀತ ನಿರ್ದೇಶಕ ಪ್ಯಾರೇಲಾಲ್ ಅವರ ತಮ್ಮ. ‘ಹರೇ ರಾಮ ಹರೇ ಕೃಷ್ಣ’ (1971) ಚಿತ್ರದ ಹಿಪ್ಪಿಗಳ ಹಾಡಿಗೆ ಗಿಟಾರು ಹಿಡಿದಿದ್ದವರು ಭೂಪಿಂದರ್ ಸಿಂಗ್. ಅವರು ಗಜಲ್ ಹಾಡಿದ್ದಕ್ಕೆ ಹೆಸರಾದ್ರು, ಗಿಟಾರಿಗಲ್ಲ. ಎಲ್ಲಕ್ಕಿಂತ ವಿಚಿತ್ರ ಚರಣ್‌ಜಿತ್ ಸಿಂಗ್ ಅವರದ್ದು. ಹಿಂದಿ ಚಿತ್ರಗಳಿಗೆ ಗಿಟಾರು, ಬೇಸ್ ನುಡಿಸ್ತಿದ್ದ ಮನುಷ್ಯ. 1982ರಲ್ಲಿ ಸಿಂಥಸೈಸರ್ ಮೇಲೆ ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ತಟ್ಟೆ ತಂದ್ರು, ಯಾರೂ ಮೂಸಲಿಲ್ಲ. ಒಬ್ಬ ಡಚ್ ತಟ್ಟೆ ಸಂಗ್ರಾಹಕ ಅದನ್ನ ಹುಡುಕಿ ತೆಗೆದು 2010ರಲ್ಲಿ ಮತ್ತೆ ಹೊರತಂದಾಗ ಪಶ್ಚಿಮದವರೆಲ್ಲ ಬೆಚ್ಚಿಬಿದ್ರು, ‘ನಮ್ಮ ಆಸಿಡ್ ಹೌಸ್ ಸಂಗೀತ ಹುಟ್ಟೋ ಮೊದಲೇ ಇದನ್ನ ಮಾಡಿದ್ದು ಯಾರಪ್ಪ’ ಅಂತ. 2015ರಲ್ಲಿ ತೀರಿಕೊಳ್ಳೋ ಮುಂಚೆ ಕೆಲವು ವರ್ಷವಾದ್ರೂ ಅವರು ಯುರೋಪಿನ ವೇದಿಕೆಗಳಲ್ಲಿ ಚಪ್ಪಾಳೆ ಕಂಡ್ರು. ಗಮನಿಸಿ, ತಟ್ಟೆಯ ಮೇಲೆ ಹೆಸರು ಇದ್ದದ್ದಕ್ಕೇ ಹುಡುಕಿಕೊಂಡು ಹೋಗೋಕೆ ಆಯ್ತು! ಅದೇ ಮನುಷ್ಯ ಸಿನಿಮಾ ಹಾಡಿನಲ್ಲಿ ನುಡಿಸಿದ್ದನ್ನ ಹುಡುಕಿ ನೋಡಿ, ಗೊತ್ತಾಗುತ್ತೆ ಕಷ್ಟ.

ಶಾಸ್ತ್ರೀಯ ಸಂಗೀತದ ಕಡೆ ಬನ್ನಿ. 1967ರಲ್ಲಿ ಬಂದ ‘ಕಾಲ್ ಆಫ್ ದ ವ್ಯಾಲಿ’ ತಟ್ಟೆಯಲ್ಲಿ ಮೂವರಿದ್ದಾರೆ. ಸಂತೂರಿನ ಶಿವಕುಮಾರ್ ಶರ್ಮಾ ಗೊತ್ತು. ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಗೊತ್ತು. ಮೂರನೆಯವರು? ಬ್ರಿಜ್‌ಭೂಷಣ್ ಕಾಬ್ರಾ. ಗಿಟಾರನ್ನ ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ, ಆಲಾಪ ಜೋಡ್ ಝಾಲಾ ಅಂತ ಪೂರ್ತಿ ಹಿಂದೂಸ್ತಾನಿ ಕಚೇರಿ ಕೊಡಬಹುದು ಅಂತ ತೋರಿಸಿದ ಮೊದಲಿಗರಲ್ಲಿ ಒಬ್ಬರು. ಹವಾಯಿ ದ್ವೀಪದಿಂದ ಬಂದ ಆ ವಾದ್ಯವನ್ನ ಅವರಂಥವರು ಹದ ಮಾಡಿಟ್ಟ ನೆಲದ ಮೇಲೇ ವಿಶ್ವಮೋಹನ್ ಭಟ್ ನಡೆದು 1994ರಲ್ಲಿ ಗ್ರ್ಯಾಮಿ ಗೆದ್ದಿದ್ದು. ಕಾಬ್ರಾ 2018ರಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು? ನಮ್ಮ ಬೆಂಗಳೂರಲ್ಲೇ ಪ್ರಕಾಶ್ ಸೊಂಟಕ್ಕೆ ಅದೇ ಬಗೆಯ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸ್ತಾರೆ. ಹುಡುಕಿ ಕೇಳಿ, ಆಮೇಲೆ ನನಗೆ ಹೇಳಿ.

ಬೆಂಗಳೂರು ಅಂದ ಮೇಲೆ ಕೋನಾರ್ಕ್ ರೆಡ್ಡಿ ಅವರನ್ನ ಬಿಡೋ ಹಾಗಿಲ್ಲ. ‘ಸಂಸ್ಕಾರ’ (1970) ಚಿತ್ರದ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ ಅವರ ಮಗ. ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿ 1977ರ ಜನವರಿಯಲ್ಲಿ ತೀರಿಕೊಂಡ ಸ್ನೇಹಲತಾ ಅವರ ಬಗ್ಗೆ ನಾವು ಓದಿದ್ದೀವಿ, ಮಗನ ಗಿಟಾರು ಕೇಳಿದವರು ಬೆರಳೆಣಿಕೆ. 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡದ ಬ್ರೂಸ್ ಲೀ ಮಣಿ, ಇಂಗ್ಲಿಷಿನಲ್ಲಿ ಹಾಡ್ತಾರೆ ಅನ್ನೋ ಒಂದೇ ಕಾರಣಕ್ಕೆ ನಮ್ಮ ಓಣಿಗೆ ಬರಲಿಲ್ಲ. ಸರಿ, ಕನ್ನಡದಲ್ಲೇ ಹಾಡೋ ತಂಡ ನೋಡೋಣ. ರಘು ದೀಕ್ಷಿತ್ ಅವರ ಹಾಡುಗಳನ್ನ ಕುಣಿದು ಕುಪ್ಪಳಿಸಿ ಕೇಳಿದ್ದೀವಿ. ಆ ತಂಡದಲ್ಲಿ ಗಿಟಾರು ಹಿಡಿದು ನಿಂತ ಬ್ರೈಡನ್ ಲೂಯಿಸ್, ಬೇಸ್ ಹಿಡಿದ ಗೌರವ್ ವಾಜ್ ಎಷ್ಟು ಜನಕ್ಕೆ ಗೊತ್ತು? ಲುಂಗಿ ಉಟ್ಟು ಗೆಜ್ಜೆ ಕಟ್ಟಿದ ಹಾಡುಗಾರನ ಮೇಲಿಂದ ನಮ್ಮ ಕಣ್ಣು ಸರಿಯೋದೇ ಇಲ್ಲ :-)

ಇಷ್ಟೆಲ್ಲ ಹೆಸರು ಬರೆದೆನಲ್ಲ, ಇವರೆಲ್ಲ ಒಂದು ಲೆಕ್ಕದಲ್ಲಿ ಅದೃಷ್ಟವಂತರು. ಬರೆಯೋಕಾದ್ರೂ ಹೆಸರು ಸಿಕ್ತು. ನನಗೆ ನಿಜವಾಗಿ ಸಂಕಟ ಆಗೋದು ನಮ್ಮ ಕಡೆಯ ರಸಮಂಜರಿ ಕಾರ್ಯಕ್ರಮಗಳ ಗಿಟಾರಿನವರನ್ನ ನೆನೆದಾಗ. ಗಣಪತಿ ಹಬ್ಬ, ಚಂದ್ರಗುತ್ತಿ ಜಾತ್ರೆ, ಶಿರಸಿ ಮಾರಿಜಾತ್ರೆ, ಎಲ್ಲಿ ಹೋದ್ರೂ ಆರ್ಕೆಸ್ಟ್ರಾ ಇರ್ತಿತ್ತು. ಕರಪತ್ರದಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ಶಂಕರ್‌ನಾಗ್ ಅವರ ಫೋಟೋ. ಮಿಮಿಕ್ರಿಯವರದ್ದು ಚಿಕ್ಕ ಫೋಟೋ. ಉಳಿದವರೆಲ್ಲ ‘ಮತ್ತು ಸಂಗಡಿಗರಿಂದ’. ಈ ಸಂಗಡಿಗರಲ್ಲಿ ಒಬ್ಬರು ಗಿಟಾರಿನವರು. ಅವರ ಕೈಗೆ ಸ್ವರ ಬರೆದ ಕಾಗದ ಕೊಟ್ಟವರು ಯಾರೂ ಇಲ್ಲ. ಕ್ಯಾಸೆಟ್ಟನ್ನ ಹಿಂದಕ್ಕೆ ಮುಂದಕ್ಕೆ ತಿರುಗಿಸಿ ತಿರುಗಿಸಿ, ಟೇಪು ಸವೆಯುವಷ್ಟು ಕೇಳಿ, ಒಂದೊಂದು ತುಣುಕನ್ನ ಕಿವಿಯಿಂದಲೇ ಕಲಿತವರು. ರಾತ್ರಿ ಹತ್ತಕ್ಕೆ ಶುರುವಾದ್ರೆ ಬೆಳಗಿನ ಜಾವದ ತನಕ ಅರವತ್ತು ಎಪ್ಪತ್ತು ಹಾಡು. ಕರೆಂಟು ಹೋದಾಗ ಆಂಪ್ಲಿಫೈಯರ್ ಸುಮ್ಮನಾಗುತ್ತೆ, ಮತ್ತೆ ಬಂದಾಗ ಶ್ರುತಿ ಸರಿಮಾಡಿಕೊಂಡು ಅದೇ ಸಾಲಿನಿಂದ ಹಿಡಿಯಬೇಕು. ಈಗ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿ ಮೇಲೆ ಹಾಡುವ ಕಾಲ. ತಂಡಗಳು ಚಿಕ್ಕದಾದ್ವು, ಮೊದಲು ಮನೆಗೆ ಹೋದವರು ಸಂಗಡಿಗರು. ನನಗೆ ಗೊತ್ತಿರೋ ಒಬ್ಬರು ಈಗ ಅಡಿಕೆ ಸುಲಿಯೋ ಕೆಲಸಕ್ಕೆ ಹೋಗ್ತಾರೆ. ಗಿಟಾರು ಅಟ್ಟದ ಮೇಲಿದೆ ಅಂದ್ರು. ಮೂವತ್ತು ವರ್ಷ ಜನರನ್ನ ಕುಣಿಸಿದ್ದಕ್ಕೆ ಅವರ ಬಳಿ ದಾಖಲೆ ಅಂತ ಒಂದು ಕರಪತ್ರವೂ ಇಲ್ಲ. ಇದ್ದಿದ್ರೂ ಅದರಲ್ಲಿ ಅವರ ಹೆಸರು ಇರ್ತಿರಲಿಲ್ಲ.

‘ಇದೆಲ್ಲ ಇರೋದೇ ಹೀಗೆ, ಪಕ್ಕವಾದ್ಯದವರಿಗೆ ಎಲ್ಲಿ ಹೆಸರು’ ಅನ್ನಬೇಡಿ. ನಮ್ಮ ಸಂಪ್ರದಾಯ ಹಾಗಿಲ್ಲವೇ ಇಲ್ಲ! ಯಕ್ಷಗಾನದ ಕರಪತ್ರ ತೆಗೆದು ನೋಡಿ. ವೇಷಧಾರಿಗಳಿಗೂ ಮೊದಲು ಹಿಮ್ಮೇಳ ಅಚ್ಚಾಗಿರುತ್ತೆ: ಭಾಗವತರು ಯಾರು, ಮದ್ದಳೆ ಯಾರು, ಚಂಡೆ ಯಾರು. ಚಂಡೆಯವರ ಹೆಸರು ನೋಡಿಯೇ ಆಟಕ್ಕೆ ಹೋಗೋ ಜನ ನಮ್ಮಲ್ಲಿದ್ದಾರೆ. ಕರ್ನಾಟಕ ಸಂಗೀತ ಕಚೇರಿಯಲ್ಲಿ ಪಿಟೀಲು, ಮೃದಂಗ, ಘಟ, ಎಲ್ಲರ ಹೆಸರನ್ನೂ ಹೇಳಿಯೇ ಶುರುಮಾಡೋದು. ಪಿಟೀಲು ಚೌಡಯ್ಯನವರು ಹೆಸರು ಮಾಡಿದ್ದೇ ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು. ಏಳು ತಂತಿಯ ಪಿಟೀಲು ಮಾಡಿಕೊಂಡಿದ್ದೂ ಆ ದನಿಗಳ ಜೊತೆ ನಿಲ್ಲೋಕೆ. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ್ದೇ ಒಂದು ಭವನ ಕಟ್ಟಿದ ಜನ ನಾವು. ಪಕ್ಕವಾದ್ಯದವರಿಗೆ ಇಷ್ಟು ದೊಡ್ಡ ಗೌರವ ಕೊಟ್ಟವರು ಸಿನಿಮಾ ಹಾಡಿಗೆ, ಭಾವಗೀತೆಗೆ ಬಂದಾಗ ಮಾತ್ರ ಯಾಕೆ ಕೈ ಬಿಗಿ ಹಿಡಿದ್ವಿ?

ಗಿಟಾರು ಹೊರಗಿನ ವಾದ್ಯ ಅಂತಲೋ? ಹಂಗಾದ್ರೆ ಪಿಟೀಲು ಎಲ್ಲಿಂದ ಬಂತು? ಹಾರ್ಮೋನಿಯಂ? ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿನಲ್ಲಿ ಕೀರ್ತನೆ ನುಡಿಸಿದಾಗ ನಾವು ತಲೆದೂಗಲಿಲ್ವಾ? ವಾದ್ಯ ಎಲ್ಲಿಯದಾದ್ರೂ ನುಡಿಸುವ ಕೈ ನಮ್ಮದಾದ ಮೇಲೆ ಅದು ನಮ್ಮದೇ.

ಇನ್ನೊಂದು ವಾದ ಕೇಳಿದ್ದೀನಿ. ‘ರಾಗ ಹಾಕಿದ್ದು ಸಂಗೀತ ನಿರ್ದೇಶಕರು, ಇವರು ಬರೆದಿದ್ದನ್ನ ನುಡಿಸಿ ಕೂಲಿ ತಗೊಂಡವರು, ಹೆಸರು ಯಾಕೆ’ ಅಂತ. ಇಳಯರಾಜ ಅವರಂತೆ ಪ್ರತಿಯೊಂದು ಸ್ವರವನ್ನೂ ಬರೆದುಕೊಡೋರ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ತೂಕ ಇದೆ, ಒಪ್ಪಿದೆ. ಆದ್ರೆ ಎಲ್ಲರೂ ಹಾಗೆ ಬರೆಯೋದಿಲ್ಲ. ಬಹಳ ಸಲ ಗಿಟಾರಿನವರ ಮುಂದೆ ಇರೋದು ಬರೀ ಕಾರ್ಡುಗಳ ಹೆಸರು. ಅದನ್ನ ಮೇಲಿನ ತಂತಿಯಲ್ಲಿ ಹಿಡಿಯಬೇಕೋ ಕೆಳಗೋ, ಬೀಸಿ ಹೊಡೆಯಬೇಕೋ ಬಿಡಿಬಿಡಿಯಾಗಿ ಮೀಟಬೇಕೋ, ಎಲ್ಲಿ ಕೈ ತಡೆದು ಸುಮ್ಮನಿರಬೇಕು, ಇದೆಲ್ಲ ನುಡಿಸುವವರ ತೀರ್ಮಾನ. ಕವಿತೆ ಬರೆದವರು ಬೇರೆ ಇದ್ದಾರೆ ಅಂತ ಹಾಡಿದವರ ಹೆಸರು ಬಿಡ್ತೀವಾ? ಚಿತ್ರದ ಕೊನೆಯಲ್ಲಿ ವಾಹನ ಓಡಿಸಿದವರ, ಊಟ ಬಡಿಸಿದವರ ಹೆಸರೂ ಬರುತ್ತೆ. ಬರಲಿ, ಬರಬೇಕು. ಅದರ ಜೊತೆ ಇನ್ನು ನಾಲ್ಕು ಸಾಲು ಹೆಚ್ಚಾದ್ರೆ ಏನು ನಷ್ಟ?

ಕಾನೂನು ಏನನ್ನುತ್ತೆ ಅಂತಲೂ ನೋಡಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ 38ಬಿ ಅನ್ನೋ ಕಲಂ ಸೇರಿತು. ನುಡಿಸಿದವರಿಗೆ ‘ಇದನ್ನ ನುಡಿಸಿದ್ದು ನಾನು’ ಅಂತ ಗುರುತಿಸಿಕೊಳ್ಳೋ ಹಕ್ಕು ಅದರಲ್ಲಿದೆ. ಓದಿ ಖುಷಿಯಾಯ್ತು. ಆದ್ರೆ ವ್ಯಾಖ್ಯೆಯ ಕಲಂ ಓದಿದಾಗ ಖುಷಿ ಇಳೀತು. ಸಿನಿಮಾದಲ್ಲಿ ಯಾರ ಪಾತ್ರ ಪ್ರಾಸಂಗಿಕವಾದದ್ದೋ ಮತ್ತು ಉದ್ಯಮದ ರೂಢಿಯಂತೆ ಯಾರ ಹೆಸರನ್ನ ಎಲ್ಲಿಯೂ ಹಾಕೋದಿಲ್ಲವೋ, ಅವರನ್ನ ಪ್ರದರ್ಶಕರು ಅಂತ ಎಣಿಸೋದಿಲ್ಲವಂತೆ. ತಾವು ಮಾಡಿದ್ದನ್ನ ಹೆಸರು ಕೆಡುವಂತೆ ತಿರುಚಬಾರದು ಅನ್ನೋ ಹಕ್ಕಷ್ಟೇ ಅವರಿಗೆ ಉಳಿಯೋದು. ಗಿಟಾರಿನವರು ‘ಪ್ರಾಸಂಗಿಕ’ ಹೌದೋ ಅಲ್ಲವೋ ಅಂತ ವಕೀಲರು ವಾದ ಮಾಡಿಕೊಳ್ಳಲಿ. ನನಗೆ ಕಂಡದ್ದು ಇಷ್ಟು: ಹೆಸರು ಹಾಕದಿರೋ ರೂಢಿಯೇ ಹೆಸರಿನ ಹಕ್ಕು ಕಸಿಯೋಕೆ ಒಂದು ಆಧಾರ ಆಗಬಹುದು. ಅಂದ್ರೆ ಮೊದಲು ಬದಲಾಗಬೇಕಾದ್ದು ರೂಢಿ. ಅದನ್ನ ಬದಲಾಯಿಸೋಕೆ ಕೋರ್ಟು ಬೇಕಾಗಿಲ್ಲ.

ಬದಲಾಗುತ್ತೆ ಅನ್ನೋದಕ್ಕೆ ಸಾಕ್ಷಿಯೂ ಇದೆ. ಅಮೆರಿಕದ ಮೋಟೌನ್ ಕಂಪನಿ ಅಷ್ಟೊಂದು ಜನಪ್ರಿಯ ಹಾಡು ಕೊಟ್ಟರೂ ವಾದ್ಯದವರ ಹೆಸರು ಹಾಕ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ತಟ್ಟೆಯ ಮೇಲೆ ಹಾಕಿದ್ರು. ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್ ಅವರನ್ನ ಇವತ್ತು ಬೇಸ್ ಕಲಿಯೋರೆಲ್ಲ ಗುರು ಅಂತಾರೆ. ಎಲಿಜಬೆತ್ ಕಾಟನ್ ಅಂತ ಒಬ್ಬ ಅಜ್ಜಿ ಇದ್ರು. ಎಡಗೈಯವರು, ಬಲಗೈಯವರಿಗೆ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದು, ಹೆಬ್ಬೆರಳಿನಲ್ಲಿ ರಾಗ ನುಡಿಸ್ತಿದ್ರು. ಮನೆಗೆಲಸ ಮಾಡ್ತಿದ್ದ ಮನೆ ಸಂಗೀತಗಾರರದ್ದಾಗಿತ್ತು, ಅವರು ಕೇಳಿಸಿಕೊಂಡ್ರು, ಧ್ವನಿಮುದ್ರಿಸಿದ್ರು. 1958ರಲ್ಲಿ ಮೊದಲ ತಟ್ಟೆ ಬಂದಾಗ ಆಕೆಗೆ ಅರವತ್ತು ದಾಟಿತ್ತು. 1985ರಲ್ಲಿ ಗ್ರ್ಯಾಮಿ ಬಂತು. ನಮ್ಮ ಪಕ್ಕದಲ್ಲೇ ಎ.ಆರ್. ರೆಹಮಾನ್ ತಮ್ಮ ಆಲ್ಬಂಗಳ ಹೊದಿಕೆಯ ಮೇಲೆ ವಾದ್ಯದವರ ಹೆಸರು ಅಚ್ಚು ಹಾಕಿಸೋ ರೂಢಿ ಮಾಡಿದ್ರು. ಕೇಬಾ ಜೆರೆಮಯ್ಯ ಅನ್ನೋ ಗಿಟಾರಿನವರು ಇವತ್ತಿನ ಹುಡುಗರಿಗೆ ಗೊತ್ತಾಗಿದ್ದು ಇಂಥ ಸಾಲುಗಳಿಂದಲೇ.

ನಮ್ಮಲ್ಲಿ? ಯೂಟ್ಯೂಬಿನಲ್ಲಿ ಕಂಪನಿಗಳೇ ಹಾಕಿರೋ ಹಳೇ ಕನ್ನಡ ಹಾಡಿನ ಕೆಳಗೆ ನೋಡಿ. ಹೀರೋ, ಹೀರೋಯಿನ್, ನಿರ್ಮಾಪಕ, ಕೆಲವು ಕಡೆ ಕಾಲರ್ ಟ್ಯೂನ್ ಕೋಡು ಕೂಡ! ಅಷ್ಟು ಜಾಗ ಇದೆ, ಕಾಗದದ ಖರ್ಚಿಲ್ಲ. ಗಿಟಾರು ಯಾರದ್ದು ಅಂತ ಒಂದು ಸಾಲು ಸಿಗೋದು ಅಪರೂಪ.

ನಮ್ಮ ಗುಡವಿ ಕೆರೆಗೆ ಮಳೆಗಾಲದಲ್ಲಿ ಬರೋರು ಮೊದಮೊದಲು ‘ಎಷ್ಟೊಂದು ಹಕ್ಕಿ’ ಅಂತಾರೆ. ಗೊತ್ತಿರೋರು ಒಬ್ಬರು ಪಕ್ಕದಲ್ಲಿ ನಿಂತು ‘ಅದು ಹಾವಕ್ಕಿ, ಅದು ನೀರುಕಾಗೆ, ಆ ಕರೀ ತಲೆಯದ್ದು ಕೆಂಬರಲು’ ಅಂತ ತೋರಿಸಿದ ಮೇಲೆ ಅವರು ನೋಡೋ ರೀತಿಯೇ ಬೇರೆ ಆಗುತ್ತೆ. ಗುಂಪು ಕರಗಿ ಒಂದೊಂದೇ ಹಕ್ಕಿ ಕಾಣುತ್ತೆ. ಹಾಡಿನಲ್ಲೂ ಹಾಗೇ. ಹೆಸರು ಗೊತ್ತಾದ ಮೇಲೇ ಕಿವಿ ಆ ಕಡೆ ಹೊರಳೋದು.

ಈ ಕೆಲಸಕ್ಕೆ ಹೆಚ್ಚು ಸಮಯ ಇಲ್ಲ ಸ್ನೇಹಿತರೇ. ಮದ್ರಾಸಿನ ಸ್ಟುಡಿಯೋಗಳಲ್ಲಿ ನುಡಿಸಿದವರು, ಬೆಂಗಳೂರಿನಲ್ಲಿ ಭಾವಗೀತೆ ಕ್ಯಾಸೆಟ್ಟುಗಳಿಗೆ ನುಡಿಸಿದವರು, ನಮ್ಮ ಜಾತ್ರೆಗಳಲ್ಲಿ ನುಡಿಸಿದವರು, ಎಲ್ಲರಿಗೂ ವಯಸ್ಸಾಗ್ತಿದೆ. ಯಾವ ಹಾಡಿಗೆ ಯಾರು ಅನ್ನೋದು ಇರೋದು ಅವರ ನೆನಪಿನಲ್ಲಿ ಮಾತ್ರ. ಅವರು ಹೋದ್ರೆ ಅದೂ ಹೋಯ್ತು, ಆಮೇಲೆ ಯಾವ ಸಂಶೋಧಕರು ಬಂದ್ರೂ ಪ್ರಯೋಜನ ಇಲ್ಲ.

ಅದಕ್ಕೇ ಒಂದು ಸಣ್ಣ ಕೋರಿಕೆ (ರೇಡಿಯೋ ಕೋರಿಕೆ ಅಲ್ಲ!). ಹಾಡಿನ ಬಗ್ಗೆ ಬರೆಯುವಾಗ ‘ಗಿಟಾರು ಯಾರದ್ದು’ ಅಂತ ಒಂದು ಸಲ ಹುಡುಕಿ. ಖಾತ್ರಿಯಾಗಿ ಸಿಕ್ರೆ ಬರೀರಿ. ಸಿಗದಿದ್ರೆ ಊಹೆ ಮಾಡಿ ಯಾರದ್ದೋ ಹೆಸರು ಅಂಟಿಸಬೇಡಿ, ಅದು ಇನ್ನೊಬ್ಬರ ಹೆಸರು ಕದ್ದಂಗೆ. ನಿಮ್ಮೂರಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸಿದವರಿದ್ರೆ ಹೋಗಿ ಮಾತಾಡಿಸಿ, ಅವರು ಒಪ್ಪಿದ್ರೆ ಹೆಸರು ಹಾಕಿ ಬರೀರಿ. ಹೊಸದಾಗಿ ಹಾಡು ಮಾಡೋ ಗೆಳೆಯರಿದ್ರೆ ‘ಗಿಟಾರು: ಇಂಥವರು’ ಅನ್ನೋ ಸಾಲು ಹಾಕದೇ ಬಿಡಬೇಡ ಅಂತ ಹೇಳಿ.

‘ಮತ್ತು ಸಂಗಡಿಗರು’ ಅನ್ನೋದು ನೋಡೋಕೆ ಪ್ರೀತಿಯ ಮಾತು. ಆದ್ರೆ ಸಂಗಡಿಗ ಅಂದ ಮೇಲೆ ಹೆಸರು ಹಿಡಿದು ಕರೆಯೋದು ಕನಿಷ್ಠ ಮರ್ಯಾದೆ. ನೀವೇನಂತೀರಿ?